ಬೆಕ್ಕಿನ ಕೂದಲೂ ಒಣ ಪೊರಕೆಯೂ

ಬೆಕ್ಕಿನ ಮೇಲೆ ನಮ್ಮ ಜನ ಹೊರಿಸುವ ಆಪಾದನೆಗಳು ಹಲವು. ಹಾಲಿನ ಪಾತ್ರೆಗೆ ಬಾಯಿಟ್ಟಿತೆಂಬುದು ಒಂದು. ಹೊರಟಾಗ ದಾರಿಗೆ ಅಡ್ಡ ಬಂದಿತೆಂಬುದು ಮತ್ತೊಂದು. ಇವುಗಳಲ್ಲಿ ಮೊದಲನೆಯದು ಬಹುಮಟ್ಟಿಗೆ ನಿಜ; ಎರಡನೆಯದರ ವಿಷಯವಾಗಿ ಈ ಪತ್ರಿಕೆಯ ವಾಚಕರಿಗೆ ನಾವು ಏನನ್ನೂ ಹೇಳಬೇಕಾಗಿಲ್ಲ. ಮೂರನೆಯದೊಂದುಂಟು: ಬೆಕ್ಕಿನ ಕೂದಲು ಮನೆಯಲ್ಲೆಲ್ಲ ಉದುರುತ್ತದೆ, ಅದು ಅನ್ನದೊಡನೆ ಹೊಟ್ಟೆಗೆ ಹೋದರೆ ಉಬ್ಬಸ ಬರುತ್ತದೆ ಎಂಬುದು. ಈ ಆಪಾದನೆಯಲ್ಲಿ ನಿಜವೂ ಸುಳ್ಳೂ ಬೆರೆತಿವೆ. ಬೆರೆತಿರುವುದರಿಂದಲೇ ಅದು ಹೆಚ್ಚು ಕೆಡುಕನ್ನುಂಟುಮಾಡುತ್ತದೆ. ಮನೆಯಲ್ಲಿ ಮಗುವೊಂದು ಕೆಮ್ಮಲು ಮೊದಲಾದರೆ ಸಾಕು, ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟುಬರುವವರಿದ್ದಾರೆ. ಬೆಕ್ಕು ಹೋಗುತ್ತದೆ, ಕೆಮ್ಮು ಉಳಿಯುವುದುಂಟು. ಬೆಕ್ಕಿಗೂ ಅನ್ಯಾಯ, ಮಗುವಿಗೂ ಉಪಕಾರವಿಲ್ಲ. ಆದಕಾರಣ ಈ ಕೂದಲಿನ ವಿಷಯವನ್ನು ಸ್ವಲ್ಪ ಶಾಸ್ತ್ರೀಯವಾಗಿ ವಿಚಾರಿಸುವುದು ಯುಕ್ತವೆಂದು ನಮಗೆ ತೋರುತ್ತದೆ.

ಬೆಕ್ಕಿನ ರೋಮವು ನಮ್ಮ ತಲೆಗೂದಲು, ಉಗುರುಗಳಂತೆಯೇ ಕೆರಾಟಿನ್ ಎಂಬ ಪ್ರೋಟೀನಿನಿಂದಾದುದು. ಪ್ರತಿಯೊಂದು ರೋಮವೂ ಕೆಲಕಾಲ ಬೆಳೆಯುತ್ತದೆ, ಕೆಲಕಾಲ ಬೆಳೆಯದೆ ನಿಲ್ಲುತ್ತದೆ, ಬಳಿಕ ಉದುರಿ ಹೊಸದಕ್ಕೆ ಎಡೆಮಾಡಿಕೊಡುತ್ತದೆ. ಇದು ರೋಗವಲ್ಲ, ದೇಹಧರ್ಮ. ಹೊಟ್ಟೆಗೆ ಹೋದ ಒಂದೆರಡು ಕೂದಲು ಉಬ್ಬಸವನ್ನು ತರಲಾರದು. ಅನ್ನ ಇಳಿಯುವ ದಾರಿ ಬೇರೆ, ಉಸಿರಾಡುವ ದಾರಿ ಬೇರೆ. ಬೆಕ್ಕಂತೂ ತನ್ನ ಕೂದಲನ್ನು ದಿನವೂ ನುಂಗುತ್ತಲೇ ಇರುತ್ತದೆ. ಅದರ ಬಹುಭಾಗ ಮಲದೊಡನೆ ಹೊರಬೀಳುತ್ತದೆ. ಉಳಿದದ್ದು ಹೊಟ್ಟೆಯಲ್ಲಿ ಉಂಡೆಗಟ್ಟಿ, ಒಮ್ಮೊಮ್ಮೆ ವಾಂತಿಯಾಗಿ, ಮನೆಯವರ ಬೈಗುಳಕ್ಕೆ ಗುರಿಯಾಗುತ್ತದೆ.

ಹಾಗಾದರೆ ಬೆಕ್ಕಿರುವ ಮನೆಗೆ ಕಾಲಿಟ್ಟೊಡನೆ ಕೆಲವರಿಗೆ ಕಣ್ಣು ಕೆಂಪಾಗಿ, ಸೀನು ಬಂದು, ಎದೆ ಬಿಗಿಯುವುದೇಕೆ? ಇದು ಕಟ್ಟುಕತೆಯಲ್ಲ, ಅಲರ್ಜಿ, ಎಂದರೆ ಒಗ್ಗದಿಕೆ. ಆದರೆ ಅಪರಾಧಿ ಕೂದಲಲ್ಲ, ಬೇರೊಂದು ಪ್ರೋಟೀನು. ವಿಜ್ಞಾನಿಗಳು ಅದಕ್ಕೆ ‘ಫೆಲ್ ಡಿ 1’ ಎಂದು ಹೆಸರಿಟ್ಟಿದ್ದಾರೆ. ಬೆಕ್ಕಿನ ಚರ್ಮದಲ್ಲಿರುವ ತೈಲಗ್ರಂಥಿಗಳಲ್ಲಿಯೂ ಅದರ ಜೊಲ್ಲಿನಲ್ಲಿಯೂ ಈ ಪ್ರೋಟೀನು ಉಂಟು. ಬೆಕ್ಕು ಮೈಯನ್ನು ನೆಕ್ಕಿಕೊಂಡಾಗ ಜೊಲ್ಲು ರೋಮದ ಮೇಲೆ ಹರಡಿ ಒಣಗುತ್ತದೆ; ಒಣಗಿದ ಮೇಲೆ ಚರ್ಮದ ಹೊಟ್ಟಿನೊಡನೆ ಸಣ್ಣ ಸಣ್ಣ ಕಣಗಳಾಗಿ ಗಾಳಿಗೆ ಸೇರುತ್ತದೆ. ಸ್ಫಿಂಕ್ಸ್ ಎಂಬ ತಳಿಯ ಬೆಕ್ಕುಗಳಿಗೆ ಮೈಮೇಲೆ ರೋಮವೇ ಇಲ್ಲವೆನ್ನಬಹುದು. ಆದರೂ ಅವುಗಳ ಮೈಯಲ್ಲಿ ಈ ಪ್ರೋಟೀನು ಇದ್ದೇ ಇದೆ. ಕೂದಲು ನಿರಪರಾಧಿಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಬೀಜ ತೆಗೆಸದ ಗಂಡುಬೆಕ್ಕಿನಲ್ಲಿ ಈ ಪ್ರೋಟೀನಿನ ಪ್ರಮಾಣ ಹೆಚ್ಚು, ಹೆಣ್ಣಿನಲ್ಲಿಯೂ ಬೀಜ ತೆಗೆಸಿದ ಗಂಡಿನಲ್ಲಿಯೂ ಕಡಮೆ ಎಂಬುದನ್ನು ಬೆಕ್ಕು ಸಾಕುವವರು ತಿಳಿದಿರಬೇಕು.

ಕೂದಲು ಕೇವಲ ವಾಹನ, ಸವಾರ ಬೇರೆ. ಈ ಸವಾರನ ಗಾತ್ರವೇ ನಮ್ಮ ವಿಚಾರದಲ್ಲಿ ಮುಖ್ಯವಾದುದು. ಕಾಲೇಜಿನ ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಹರಳೆಣ್ಣೆ ತುಂಬಿದ ಉದ್ದನೆಯ ಗಾಜಿನ ಕೊಳವೆಯೊಳಕ್ಕೆ ಉಕ್ಕಿನ ಗುಂಡುಗಳನ್ನು ಬಿಟ್ಟು, ಅವು ಬೀಳುವ ವೇಗವನ್ನು ಅಳೆದಿರುತ್ತಾರೆ. ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1851ರಲ್ಲಿ ಪ್ರಕಟಿಸಿದ ನಿಯಮವನ್ನು ಆ ಪ್ರಯೋಗದಲ್ಲಿ ಬಳಸುತ್ತೇವೆ. ಸಣ್ಣ ಗೋಳವೊಂದು ದ್ರವದಲ್ಲಿಯೋ ಅನಿಲದಲ್ಲಿಯೋ ಬೀಳುವಾಗ ಅದರ ಅಂತಿಮ ವೇಗವು ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ. ವ್ಯಾಸ ಅರ್ಧವಾದರೆ ವೇಗ ಕಾಲುಭಾಗಕ್ಕೆ ಇಳಿಯುತ್ತದೆ. ಇದನ್ನು ಮನೆಯ ಗಾಳಿಗೆ ಅನ್ವಯಿಸಿ ನೋಡೋಣ. ನೀರಿನಷ್ಟೇ ಸಾಂದ್ರತೆಯುಳ್ಳ, 5 ಮೈಕ್ರಾನ್ ವ್ಯಾಸದ ಕಣವೊಂದು ನಿಶ್ಚಲವಾದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 0.75 ಮಿಲಿಮೀಟರಿನಂತೆ ಇಳಿಯುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನಮ್ಮ ಮೂಗಿನ ಎತ್ತರವೆನ್ನಬಹುದಾದ ಒಂದೂವರೆ ಮೀಟರಿನಿಂದ ನೆಲವನ್ನು ಸೇರಲು ಅದಕ್ಕೆ ಅರ್ಧ ಗಂಟೆಗೂ ಮಿಕ್ಕಿ ಬೇಕು. ವ್ಯಾಸ 2.5 ಮೈಕ್ರಾನ್ ಆದರೆ ಎರಡು ಗಂಟೆಗೂ ಹೆಚ್ಚು. ಫೆಲ್ ಡಿ 1 ಅನ್ನು ಹೊತ್ತ ಕಣಗಳಲ್ಲಿ ಇಷ್ಟು ಸಣ್ಣವು ಬೇಕಾದಷ್ಟಿವೆ. ಮನೆಯ ಗಾಳಿ ನಿಶ್ಚಲವಾಗಿರುವುದೆಂದು? ಮೇಲೆ ಫ್ಯಾನು ತಿರುಗುತ್ತಿದ್ದರೆ ಅವುಗಳಿಗೆ ನೆಲ ಸೇರುವ ಅವಸರವೇ ಇಲ್ಲ. ಕೂದಲಾದರೋ ಬೇಗನೆ ಕೆಳಗೆ ಬಿದ್ದು, ನಮ್ಮ ಕಣ್ಣಿಗೂ ಬಿದ್ದು, ಎಲ್ಲ ಬೈಗುಳವನ್ನೂ ತಾನೇ ತಿನ್ನುತ್ತದೆ.

ಈಗ ನಮ್ಮ ಮನೆಗಳಲ್ಲಿ ನಡೆಯುವುದನ್ನು ನೋಡಿ. ಸೋಫಾದ ಮೇಲೆ, ಮೂಲೆಯಲ್ಲಿ, ಕಂಬಳಿಯ ಮೇಲೆ ಕೂದಲು ಕಂಡೊಡನೆ ಒಣ ಪೊರಕೆಯನ್ನು ಹಿಡಿದು ರಭಸದಿಂದ ಗುಡಿಸುತ್ತೇವೆ. ಹಾಸಿಗೆಯನ್ನು ಕೋಣೆಯೊಳಗೇ ಕೊಡವುತ್ತೇವೆ. ಕೂದಲು ಬಾಗಿಲಾಚೆ ಹೋಗುತ್ತದೆ, ನಿಜ. ಆದರೆ ನೆಲದ ಮೇಲೆ ತಣ್ಣಗೆ ಕುಳಿತಿದ್ದ ಸೂಕ್ಷ್ಮಕಣಗಳು ಮತ್ತೆ ಮೇಲೆದ್ದು ಎರಡು ಗಂಟೆ ತೇಲುತ್ತವೆ. ಉಬ್ಬಸದ ಮಗು ಅದೇ ಕೋಣೆಯಲ್ಲಿ ಕುಳಿತು ಪಾಠ ಓದುತ್ತಿರುತ್ತದೆ! ಕಾಣುವ, ನಿರಪಾಯವಾದ ವಸ್ತುವನ್ನು ಹೊರಹಾಕಿ, ಕಾಣದ, ಅಪಾಯಕರವಾದ ವಸ್ತುವನ್ನು ಮಗುವಿನ ಮೂಗಿನ ಮುಂದೆ ಹರಡುವ ಈ ಕ್ರಮವನ್ನು ಸ್ವಚ್ಛತೆಯೆಂದು ಕರೆಯಲು ನಮಗೆ ಮನಸ್ಸು ಬಾರದು. ಬೆಲೆಬಾಳುವ ವ್ಯಾಕ್ಯೂಮ್ ಕ್ಲೀನರನ್ನು ಕೊಂಡವರೂ ಗೆದ್ದೆವೆಂದು ಬೀಗಬೇಕಾದ್ದಿಲ್ಲ. ಒಳ್ಳೆಯ ಶೋಧಕವಿಲ್ಲದ ಯಂತ್ರವು ಮುಂದಿನಿಂದ ಹೀರಿದ ಸೂಕ್ಷ್ಮಧೂಳನ್ನು ಹಿಂದಿನಿಂದ ಊದಿಬಿಡುತ್ತದೆ. ಹೆಪಾ ಎಂಬ ಶೋಧಕ ಅಳವಡಿಸಿದ್ದರೆ ಮಾತು ಬೇರೆ, ಅದು 0.3 ಮೈಕ್ರಾನಿನ ಕಣಗಳಲ್ಲಿಯೂ ನೂರಕ್ಕೆ 99.97ರಷ್ಟನ್ನು ತಡೆಯಬಲ್ಲುದು.

ಇನ್ನು ಕೂದಲು ಬಟ್ಟೆಬರೆಗಳನ್ನು ಬಿಡದೆ ಅಂಟಿಕೊಳ್ಳುವ ವಿಚಾರ. ಭೌತಶಾಸ್ತ್ರದ ಉಪಾಧ್ಯಾಯರಾದ ನಮಗೆ ಈ ಭಾಗ ವಿಶೇಷವಾಗಿ ಪ್ರಿಯವಾದುದು. ಎಬೊನೈಟ್ ದಂಡವನ್ನು ಬೆಕ್ಕಿನ ತುಪ್ಪಳದ ಚರ್ಮದಿಂದ ಉಜ್ಜಿದರೆ ದಂಡಕ್ಕೆ ಋಣ ವಿದ್ಯುತ್ತೂ ತುಪ್ಪಳಕ್ಕೆ ಧನ ವಿದ್ಯುತ್ತೂ ಬರುತ್ತವೆಂದು ಪಠ್ಯಪುಸ್ತಕಗಳು ತಲೆಮಾರುಗಳಿಂದ ಹೇಳುತ್ತ ಬಂದಿವೆ. ಇಟಲಿಯ ವೋಲ್ಟಾ 1775ರಲ್ಲಿ ಬಳಕೆಗೆ ತಂದ ಎಲೆಕ್ಟ್ರೋಫೋರಸ್ ಎಂಬ ಉಪಕರಣದ ರಾಳದ ಬಿಲ್ಲೆಯನ್ನೂ ಬೆಕ್ಕಿನ ತುಪ್ಪಳದಿಂದ ಉಜ್ಜುವುದು ವಾಡಿಕೆಯಾಯಿತು. ನಿಕೊಲಾ ಟೆಸ್ಲಾ ಬಾಲ್ಯದಲ್ಲಿ ಮಾಚಕ್ ಎಂಬ ತನ್ನ ಬೆಕ್ಕಿನ ಬೆನ್ನು ಸವರಿದಾಗ ಕಿಡಿಗಳೆದ್ದುದನ್ನು ಮುಪ್ಪಿನಲ್ಲಿ, 1939ರ ಪತ್ರವೊಂದರಲ್ಲಿ, ನೆನೆದು ಬರೆದಿದ್ದಾನೆ. ಈ ದಿನಗಳಲ್ಲಿ ಎಬೊನೈಟ್ ದಂಡವನ್ನು ಹುಡುಕಿಕೊಂಡು ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ. ಪಾಲಿಯೆಸ್ಟರ್ ಹೊದಿಕೆಯೂ ಎಬೊನೈಟಿನಂತೆ ಋಣ ವಿದ್ಯುತ್ತನ್ನು ಪಡೆಯುವ ವಸ್ತುವೇ. ಹುಡುಗರು ಬೆವರು ಸುರಿಸಿ ಮಾಡುವ ಪ್ರಯೋಗವನ್ನು ಬೆಕ್ಕು ಸೋಫಾದ ಮೇಲೆ ಹೊರಳಾಡಿ, ನಿದ್ದೆಗಣ್ಣಿನಲ್ಲೇ ಮಾಡಿ ಮುಗಿಸುತ್ತದೆ. ವಿಜಾತೀಯ ವಿದ್ಯುತ್ತುಗಳು ಒಂದನ್ನೊಂದು ಆಕರ್ಷಿಸುತ್ತವೆ. ಕೂದಲು ಬಟ್ಟೆಯನ್ನು ಹಿಡಿದುಕೊಳ್ಳುತ್ತದೆ. ಒಣ ಕುಂಚದಿಂದ ಉಜ್ಜಿದಷ್ಟೂ ಇನ್ನಷ್ಟು ವಿದ್ಯುತ್ತನ್ನು ಉತ್ಪಾದಿಸಿದಂತಾಗುತ್ತದೆಯೇ ಹೊರತು ಕೂದಲು ಬಿಡುವುದಿಲ್ಲ. ಇದಲ್ಲದೆ, ರೋಮದ ಮೇಲ್ಮೈಯಲ್ಲಿ ಹೆಂಚು ಹೊದಿಸಿದಂತೆ ಸೂಕ್ಷ್ಮವಾದ ಹುರುಪೆಗಳಿದ್ದು, ಅವೆಲ್ಲವೂ ತುದಿಯ ಕಡೆಗೆ ಬಾಗಿವೆ. ಆದ್ದರಿಂದ ರೋಮವು ಬುಡ ಮುಂದಾಗಿ ಸುಲಭವಾಗಿ ಸರಿಯುತ್ತದೆ, ಹಿಂದಕ್ಕೆ ಸರಿಯಲೊಲ್ಲದು. ಬಟ್ಟೆಯನ್ನು ತಿಕ್ಕಿದಾಗಲೆಲ್ಲ ಅದು ನೇಯ್ಗೆಯೊಳಕ್ಕೆ ಮತ್ತಷ್ಟು ನುಗ್ಗುವುದು ಇದರಿಂದಲೇ.

ಪರಿಹಾರವೂ ಇದೇ ಪಾಠದೊಳಗಿದೆ, ಮತ್ತು ಅದಕ್ಕೆ ಕಾಸಿನ ಖರ್ಚಿಲ್ಲ: ನೀರು. ತೇವವಿದ್ದಲ್ಲಿ ವಿದ್ಯುತ್ತು ನಿಲ್ಲದೆ ಸೋರಿಹೋಗುತ್ತದೆ. ಸ್ಥಿರವಿದ್ಯುತ್ತಿನ ಪ್ರಯೋಗಗಳು ಬಳ್ಳಾರಿಯ ಫೆಬ್ರವರಿಯಲ್ಲಿ ಚೆನ್ನಾಗಿ ನಡೆದು ಆಗುಂಬೆಯ ಜುಲೈಯಲ್ಲಿ ಕೈಕೊಡುವುದಕ್ಕೆ ಕಾರಣ ಇದೇ. ಅಂಗೈಯನ್ನೋ ರಬ್ಬರಿನ ಕೈಚೀಲವನ್ನೋ ನೀರಿನಲ್ಲಿ ಅದ್ದಿ, ಚೆನ್ನಾಗಿ ಕೊಡವಿ, ಸೋಫಾದ ಮೇಲೆ ಒಂದೇ ದಿಕ್ಕಿಗೆ ಎಳೆಯಿರಿ. ವಿದ್ಯುತ್ತು ಸೋರುತ್ತದೆ, ನೀರಿನ ಮೇಲ್ಮೈ ಎಳೆತದಿಂದ ಬಿಡಿ ಕೂದಲುಗಳು ಒಂದಕ್ಕೊಂದು ಅಂಟಿ ಬತ್ತಿಯಂತೆ ಸುರುಳಿಗಟ್ಟುತ್ತವೆ, ಬೆರಳಿನಿಂದ ಎತ್ತಿ ಹಾಕಬಹುದು. ನೆಲಕ್ಕೆ ಪೊರಕೆಗಿಂತ ಒದ್ದೆ ಬಟ್ಟೆ ಮೇಲು. ಬೆಕ್ಕು ಮಲಗುವ ಎಡೆಯಲ್ಲಿ ಹಳೆಯ ಹತ್ತಿಯ ಪಂಚೆಯನ್ನೋ ಸೀರೆಯನ್ನೋ ಹಾಸಿದರೆ ಇನ್ನೂ ಒಳ್ಳೆಯದು. ಹತ್ತಿ ಗಾಳಿಯ ತೇವವನ್ನು ಹೀರಿ ವಿದ್ಯುತ್ತನ್ನು ಬಿಟ್ಟುಕೊಡುತ್ತದೆ. ವಾರಕ್ಕೊಮ್ಮೆ ಹೊರಗೆ ಒಯ್ದು ಕೊಡವಿ ಒಗೆಯಲೂಬಹುದು.

ಆದರೂ ಇದೆಲ್ಲ ಉದುರಿದ ಮೇಲಿನ ಮಾತಾಯಿತು. ಉದುರುವ ಕೂದಲನ್ನು ಬೆಕ್ಕಿನ ಮೈಮೇಲೆಯೇ ಹಿಡಿಯುವುದು ಇದಕ್ಕಿಂತ ಬುದ್ಧಿವಂತಿಕೆ ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಮನೆಯ ನೂರು ಮೂಲೆಗಳನ್ನು ಗುಡಿಸುವುದಕ್ಕಿಂತ ಒಂದು ಗೇಣು ಬೆನ್ನನ್ನು ಬಾಚುವುದು ಸುಲಭವಲ್ಲವೆ? ಬೆಕ್ಕು ತಾನೇ ಈ ಕೆಲಸದಲ್ಲಿ ನಿಪುಣ. ಅದರ ನಾಲಗೆಯ ಮೇಲೆ ಕೆರಾಟಿನಿನ ಗಡಸು ಮುಳ್ಳುಗಳಿವೆ. ನಮ್ಮ ಕೈಗೆ ಅರದಂತೆ ತಗಲುವುದು ಅವೇ. ಅಮೆರಿಕದ ಜಾರ್ಜಿಯಾ ತಂತ್ರಶಾಸ್ತ್ರ ಸಂಸ್ಥೆಯ ಅಲೆಕ್ಸಿಸ್ ನೋಯೆಲ್ ಮತ್ತು ಡೇವಿಡ್ ಹು ಎಂಬುವರು 2018ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಈ ಮುಳ್ಳುಗಳ ತುದಿ ಸೌಟಿನ ಹಾಗೆ ಟೊಳ್ಳಾಗಿದೆ. ಮೇಲ್ಮೈ ಎಳೆತದ ಬಲದಿಂದ ಆ ಟೊಳ್ಳು ಬಾಯಿಯ ಜೊಲ್ಲನ್ನು ತಾನೇ ಹೀರಿ, ದಟ್ಟವಾದ ತುಪ್ಪಳದ ಬುಡಕ್ಕೆ ಒಯ್ದು ಬಿಡುತ್ತದೆ. ನಮ್ಮ ಪಠ್ಯಗಳಲ್ಲಿ ಇದಕ್ಕೆ ಲೋಮನಾಳ ಕ್ರಿಯೆಯೆಂದು ಹೆಸರು. ಹೆಸರಿನಲ್ಲಿಯೂ ಕೂದಲೇ ಇದೆಯೆಂಬುದು ಒಂದು ವಿನೋದ. ಬೆಕ್ಕಿನ ಈ ಉಪಾಯವನ್ನೇ ನಾವು ಅನುಕರಿಸಬೇಕು. ತುಸು ತೇವದ ಬಟ್ಟೆಯಿಂದ ಮೊದಲು ಮೈ ಸವರಿ, ಬಳಿಕ ಹಲ್ಲು ಮೊಂಡಾದ ಬಾಚಣಿಗೆಯಿಂದ ರೋಮದ ಓಟದ ದಿಕ್ಕಿನಲ್ಲಿ ಬಾಚಬೇಕು. ಬಾಚುವ ಕೆಲಸ ಜಗಲಿಯಲ್ಲಾಗಲಿ, ಕೋಣೆಯೊಳಗೆ ಬೇಡ. ಬೆಕ್ಕು ಬೇಡವೆಂದು ಬಾಲ ಬಡಿದರೆ ಅಂದಿಗೆ ನಿಲ್ಲಿಸುವುದು ಕ್ಷೇಮ. ಬಾಚಿದಷ್ಟು ಕೂದಲು ಬೆಕ್ಕಿನ ಹೊಟ್ಟೆಗೂ ಕಡಮೆ ಹೋಗುತ್ತದೆ. ಬೆಕ್ಕಿಗೆ ಸ್ನಾನ ಮಾಡಿಸುವ ಸಾಹಸವನ್ನು ನಾವು ಶಿಫಾರಸು ಮಾಡಲಾರೆವು. ಅದರಿಂದ ಪ್ರೋಟೀನಿನ ಪ್ರಮಾಣ ಇಳಿದರೂ ಕೆಲವೇ ದಿನಗಳಲ್ಲಿ ಮತ್ತೆ ಮೊದಲಿನಂತಾಗುತ್ತದೆ, ಮೈಮೇಲಿನ ಪರಚುಗಾಯಗಳು ಅಷ್ಟು ಬೇಗ ಮಾಯವು.

ಮೈಯಲ್ಲಿ ಅಲ್ಲಲ್ಲಿ ದುಂಡಗೆ ಬೋಳಾಗಿದ್ದರೆ, ಬೆಕ್ಕು ಬಿಡದೆ ಕೆರೆದುಕೊಳ್ಳುತ್ತಿದ್ದರೆ ಅದು ಸಹಜವಾದ ಉದುರುವಿಕೆಯಲ್ಲ. ಚಿಗಟವಿರಬಹುದು, ಹುಳುಕಡ್ಡಿಯೂ ಇರಬಹುದು. ಹುಳುಕಡ್ಡಿ ಒಂದು ಬೂಷ್ಟಿನಿಂದ ಬರುವ ರೋಗ, ಮನುಷ್ಯರಿಗೂ ಅಂಟುತ್ತದೆ. ಬಾಚಣಿಗೆಯನ್ನು ಕೆಳಗಿಟ್ಟು ಪಶುವೈದ್ಯರಲ್ಲಿಗೆ ಹೋಗಬೇಕು.

ಉಬ್ಬಸದ ಮಗುವಿರುವ ಮನೆಯವರಿಗೆ ಎರಡು ಮಾತು. ಬೆಕ್ಕಿನ ಅಲರ್ಜಿ ಇದೆಯೇ ಇಲ್ಲವೇ ಎಂಬುದನ್ನು ವೈದ್ಯರು ಪರೀಕ್ಷೆಯಿಂದ ತಿಳಿಯಬಲ್ಲರು. ಅಜ್ಜಿಯ ಊಹೆ ಸಾಲದು, ನೆರೆಮನೆಯವರ ತೀರ್ಪೂ ಸಾಲದು. ಇದೆಯೆಂದು ತಿಳಿದುಬಂದರೆ ಬೆಕ್ಕನ್ನು ಮಲಗುವ ಕೋಣೆಗೆ ಬಿಡಲೇಬಾರದು. ಎಷ್ಟು ಎಚ್ಚರವಹಿಸಿದರೂ ಕಾಯಿಲೆ ಇಳಿಯದೆ, ಬೆಕ್ಕು ಬೇಡವೆಂದು ವೈದ್ಯರು ಹೇಳಿದರೆ ಬೆಕ್ಕು ಬೇರೆ ಮನೆಗೆ ಹೋಗತಕ್ಕದ್ದೇ. ಮಗುವಿನ ಉಸಿರಿನ ಮುಂದೆ ನಮ್ಮ ಪ್ರೀತಿಯ ವಾದ ನಿಲ್ಲದು. ಆದರೆ ಬೇರೆ ಮನೆಗೆ, ಊರಾಚೆಯ ಬಯಲಿಗಲ್ಲ. ಸಾಕಿದ ಪ್ರಾಣಿಯನ್ನು ಹಸಿವೆ ಬಾಯಾರಿಕೆಗಳಿಗೆ ಈಡಾಗುವಂತೆ ತಕ್ಕ ಕಾರಣವಿಲ್ಲದೆ ತೊರೆಯುವುದನ್ನು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯ 11ನೆಯ ಪ್ರಕರಣ ಅಪರಾಧವೆಂದು ಎಣಿಸುತ್ತದೆ. ಬೆಕ್ಕು ಹೋದ ಮರುದಿನವೇ ಗುಣ ಕಾಣಲಿಲ್ಲವೆಂದು ಬೆರಗಾಗಬಾರದು. ಹಾಸಿಗೆ, ಸೋಫಾ, ಪರದೆಗಳಲ್ಲಿ ಸೇರಿಕೊಂಡ ಪ್ರೋಟೀನು ಇಳಿಯಲು ನಾಲ್ಕಾರು ತಿಂಗಳು ಹಿಡಿಯುವುದುಂಟು.

ಇಷ್ಟೆಲ್ಲ ಒರಸುವ, ಒಗೆಯುವ ಕೆಲಸ ಯಾರದು? ನಮ್ಮ ಮನೆಗಳಲ್ಲಿ ಬೆಕ್ಕನ್ನು ಮುದ್ದಿಸುವವರು ಮಕ್ಕಳು. ಕೂದಲು ಗುಡಿಸಿ ಸೊಂಟ ನೋಯಿಸಿಕೊಳ್ಳುವವರು ತಾಯಂದಿರು, ಇಲ್ಲವೇ ಮನೆಗೆಲಸಕ್ಕೆ ಬರುವ ಹೆಂಗಸರು. ಬೆಕ್ಕನ್ನು ಹೊರಹಾಕಬೇಕೆಂಬ ಮಾತು ಮೊದಲು ಅವರ ಬಾಯಿಂದಲೇ ಹೊರಟರೆ ಅದರಲ್ಲಿ ಆಶ್ಚರ್ಯವೇನು? ಬಾಚಣಿಗೆ ವಿದ್ಯಾರ್ಥಿಯ ಕೈಗೆ ಬರಬೇಕು. ಬಂದ ಮೇಲೆ ಅದನ್ನು ಬರಿಯ ಚಾಕರಿಯಾಗಿಸಬೇಕಾದ್ದೂ ಇಲ್ಲ. ಬೆಕ್ಕಿನ ಕೂದಲು ಉದುರುವ ಕಾಲವನ್ನು ಮುಖ್ಯವಾಗಿ ಹಗಲಿನ ಉದ್ದ ನಿಯಂತ್ರಿಸುತ್ತದೆ. ಲಂಡನ್ನಿನಲ್ಲಿ ಅತಿ ದೀರ್ಘ ಹಗಲಿಗೂ ಅತಿ ಹ್ರಸ್ವ ಹಗಲಿಗೂ 8 ಗಂಟೆಗೆ ಮಿಕ್ಕ ಅಂತರವಿದೆ. 13 ಡಿಗ್ರಿ ಅಕ್ಷಾಂಶದ ಬೆಂಗಳೂರಿನಲ್ಲಿ ಕೇವಲ ಒಂದೂವರೆ ಗಂಟೆ. ಮನೆಯೊಳಗಿನ ಬೆಕ್ಕಿಗೆ ರಾತ್ರಿಯೂ ದೀಪದ ಬೆಳಕು. ಹಾಗಿರುವಲ್ಲಿ ಪಾಶ್ಚಾತ್ಯ ಪುಸ್ತಕಗಳು ಹೇಳುವ ವಸಂತದ ಉದುರುವಿಕೆ ನಮ್ಮ ಬೆಕ್ಕುಗಳಲ್ಲಿ ಎಷ್ಟರಮಟ್ಟಿಗೆ ಕಂಡೀತು? ಪ್ರತಿ ಭಾನುವಾರ ಒಂದೇ ಹೊತ್ತಿಗೆ, ಒಂದೇ ಬಾಚಣಿಗೆಯಿಂದ, ನೂರು ಸಲ ಬಾಚಿ ಬಂದ ಕೂದಲನ್ನು ಲಕೋಟೆಯಲ್ಲಿ ಹಾಕಿ, ಚೆನ್ನಾಗಿ ಒಣಗಿಸಿ, ಕಾಲೇಜಿನ ತಕ್ಕಡಿಯಲ್ಲಿ ತೂಗಿ ತಿಂಗಳುವಾರು ಬರೆದಿಡಿ. ಒಂದು ವರ್ಷ ಪೂರ್ತಿಯಾದ ಮೇಲೆ ನಕ್ಷೆಯನ್ನು ಎಳೆದು ನೋಡಬಹುದು.