ಹೈನದ ದನಗಳಿಗೆ ಎಣ್ಣೆ ಕುಡಿಸುವದು ಯುಕ್ತವೇ?

ಗದಗ ಜಿಲ್ಲೆಯ ರೋಣ ತಾಲೂಕಿನ ಸವಡಿಯ ಸುತ್ತಲಿನ ಎರೆಸೀಮೆಯಲ್ಲಿ ಹತ್ತಿ, ಕುಸುಬಿ, ಶೇಂಗಾ, ಸೂರ್ಯಕಾಂತಿಗಳು ಒಕ್ಕಲಿಗರ ಪರಿಚಿತ ಬೆಳೆಗಳು. ಕಾಳು ಮನೆಯದು, ಎಮ್ಮೆಯೂ ಮನೆಯದು. ಸಹಕಾರಿ ಸಂಘಗಳಲ್ಲಿ ಹಾಲಿನ ಬೆಲೆಯು ಜಿಡ್ಡಿನ ಅಂಶವನ್ನು ಅನುಸರಿಸಿರುವದರಿಂದ, ಕರಾವಿನ ದನಕ್ಕೆ ನಿತ್ಯವೂ ಎಣ್ಣೆಯನ್ನು ಕೊಟ್ಟರೆ ಹಾಲು ಗಟ್ಟಿಯಾಗಿ ನಾಲ್ಕು ಕಾಸು ಹೆಚ್ಚು ದೊರೆತೀತೆಂಬ ಎಣಿಕೆಯು ಸಹಜವಾಗಿಯೇ ಹುಟ್ಟುತ್ತದೆ. ಎಣಿಕೆಯು ಸಹಜವಾದರೂ ಸರಿಯಾದುದಲ್ಲ. ಹಾಗೆ ಕುಡಿಸಿದ ಎಣ್ಣೆಯು ಅನೇಕ ವೇಳೆ ಇದ್ದ ಜಿಡ್ಡನ್ನೂ ಕಳೆಯುತ್ತದೆ.

ಇದರ ಕಾರಣವು ದನದ ಮೆಲುಕುಚೀಲದಲ್ಲಿದೆ. ಕಣಿಕೆ ಹೊಟ್ಟುಗಳ ನಾರನ್ನು ಅಲ್ಲಿಯ ಸೂಕ್ಷ್ಮಜೀವಿಗಳು ಕೊಳೆಯಿಸಿ ಹುಳಿರಸಗಳನ್ನಾಗಿ ಮಾಡುತ್ತವೆ; ಆ ರಸಗಳಿಂದಲೇ ಕೆಚ್ಚಲು ಹಾಲಿನ ಜಿಡ್ಡಿನ ಸುಮಾರು ಅರ್ಧ ಭಾಗವನ್ನು ಕಟ್ಟುತ್ತದೆ. ತೆಳುವಾದ ಎಣ್ಣೆಯು ಒಮ್ಮೆಲೇ ಒಳಹೊಕ್ಕರೆ ನಾರಿಗೆ ಲೇಪವಾಗುವದಲ್ಲದೆ, ನಾರನ್ನು ಅರಗಿಸುವ ಆ ಜೀವಿಗಳಿಗೆ ವಿಷಪ್ರಾಯವೂ ಆಗುತ್ತದೆ. ಇಷ್ಟೇ ಅಲ್ಲ. ಎಣ್ಣೆಯಲ್ಲಿಯ ಲಿನೋಲಿಕ್ ಆಮ್ಲವು ಮೆಲುಕುಚೀಲದಲ್ಲಿ ಮಾರ್ಪಡುವಾಗ ಹುಟ್ಟುವ ಒಂದು ಪದಾರ್ಥವು ನೆತ್ತರಿನೊಡನೆ ಕೆಚ್ಚಲಿಗೆ ಹೋಗಿ ಜಿಡ್ಡು ಕಟ್ಟುವ ಕೆಲಸವನ್ನೇ ತಡೆಯುತ್ತದೆ. ಅಮೇರಿಕೆಯ ಕಾರ್ನೆಲ್ ವಿಶ್ವವಿದ್ಯಾಲಯದವರು 2000ನೆಯ ಇಸವಿಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಈ ಪದಾರ್ಥವನ್ನು ಮೆಲುಕುಚೀಲದ ಆಚೆಗೆ ನಿತ್ಯ 10 ಗ್ರಾಂನಷ್ಟು ಸೇರಿಸಿದ ಮಾತ್ರಕ್ಕೆ ಹಾಲಿನ ಜಿಡ್ಡು ಶೇಕಡಾ 40ಕ್ಕೂ ಹೆಚ್ಚು ಇಳಿಯಿತು. ಎರೆಸೀಮೆಯ ಕುಸುಬಿ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲವು ಸುಮಾರು ಮುಕ್ಕಾಲು ಪಾಲು ಇರುವದೆಂಬುದನ್ನು ಇಲ್ಲಿ ನೆನೆಯತಕ್ಕದ್ದು. ಮನುಷ್ಯನಿಗೆ ಹಿತವಾದುದೆಲ್ಲ ಎಮ್ಮೆಗೂ ಹಿತವೆಂದು ತಿಳಿಯಲಾಗದು.

ಹೊಟ್ಟೆ ಉಬ್ಬರಿಸಿದ ದನಕ್ಕೆ ಗೊಟ್ಟದಿಂದ ಎಣ್ಣೆ ಹಾಕುವ ಹಿರಿಯರ ಪದ್ಧತಿಯನ್ನು ಇದರಿಂದ ಹಳಿಯಬೇಕಾಗಿಲ್ಲ. ಎಣ್ಣೆಯು ನೊರೆಯನ್ನು ಒಡೆದು ವಾಯುವಿಗೆ ದಾರಿ ಕೊಡುತ್ತದೆ. ಅದು ಔಷಧವು, ಔಷಧವನ್ನು ನಿತ್ಯದ ಆಹಾರ ಮಾಡುವದೇ ತಪ್ಪು.

ಹಾಗಾದರೆ ಜಿಡ್ಡುಳ್ಳ ದಾಣಿಯೇ ಬೇಡವೆಂದಲ್ಲ. ಸುಮಾರು 400 ಕಿಲೋ ತೂಕದ ಆಕಳು ದಿನಕ್ಕೆ 10 ಕಿಲೋದಷ್ಟು ಒಣಮೇವಿನ ಅಂಶವನ್ನು ತಿನ್ನುತ್ತದೆನ್ನೋಣ. ಅದರಲ್ಲಿ ಒಟ್ಟು ಜಿಡ್ಡು ಶೇಕಡಾ 6ನ್ನು, ಅಂದರೆ 600 ಗ್ರಾಂ ಅನ್ನು, ಮೀರಬಾರದು. ಮೇವು ಕಾಳುಗಳಲ್ಲಿ ತಾನಾಗಿಯೇ 300 ಗ್ರಾಂನಷ್ಟು ಇದ್ದೇ ಇರುತ್ತದೆ. ಉಳಿದ 300 ಗ್ರಾಂಗೆ ಮಾತ್ರ ಎಡೆ. ಹತ್ತಿಕಾಳಿನಲ್ಲಿ ಎಣ್ಣೆಯು ಹೆಚ್ಚುಕಡಿಮೆ ಐದನೆಯ ಒಂದು ಪಾಲು. ಆದುದರಿಂದ ಒಂದು ಕಿಲೋ ಹತ್ತಿಕಾಳು, ಒಂದು ಕಿಲೋ ಗಾಣದ ಹಿಂಡಿ ಕೊಟ್ಟಲ್ಲಿಗೆ ಮಿತಿಯು ಮುಗಿಯಿತು. ಅದರ ಮೇಲೆ ಎಣ್ಣೆ ಸುರಿಯುವದು ಹಣವನ್ನೂ ಹಾಲನ್ನೂ ಕೆಡಿಸಿಕೊಂಡಂತೆ.

ಹತ್ತಿಕಾಳಿನ ಮೇಲೆ ಈ ಭಾಗದವರಿಗೆ ಇರುವ ಮಮತೆಗೆ ಆಧಾರವಿದೆ. ಇಡಿಯ ಕಾಳು ಮೆಲುಕಿನಲ್ಲಿ ನಿಧಾನವಾಗಿ ಒಡೆದು ಎಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಸಿಪ್ಪೆಯ ನಾರೂ ಉಪಯೋಗಕ್ಕೆ ಬರುತ್ತದೆ. ನುಣ್ಣಗೆ ರುಬ್ಬಿದರೆ ಈ ಗುಣವು ತಗ್ಗುವದರಿಂದ ನೆನೆಯಿಟ್ಟು ಇಡಿಯಾಗಿಯೇ ಕೊಡುವದು ಲೇಸು. ಹತ್ತಿಕಾಳು ತಿಂದ ದನದ ತುಪ್ಪವು ಗಟ್ಟಿಯಾಗುವದೂ, ಶೇಂಗಾ ಹಿಂಡಿಯದು ಮೆತ್ತಗಾಗುವದೂ ಅಡಿಗೆಮನೆಯಲ್ಲಿ ತಿಳಿದ ಸಂಗತಿಯೇ. ಕರುಗಳಿಗೆ ಮಾತ್ರ ಹತ್ತಿಕಾಳನ್ನು ಹಾಕಕೂಡದು. ಅದರಲ್ಲಿಯ ಗಾಸಿಪಾಲ್ ಎಂಬ ವಿಷವನ್ನು ಎಳೆಯ ಹೊಟ್ಟೆಯು ತಾಳಲಾರದು.

ಸುಣ್ಣದ ಸತ್ವದೊಡನೆ ಸಾಬೂನಿನಂತೆ ಕೂಡಿಸಿದ, ಮೆಲುಕುಚೀಲವನ್ನು ಕೆಡಿಸದೆ ದಾಟಿಹೋಗುವ ಜಿಡ್ಡು ಈಗ ಪೇಟೆಯಲ್ಲಿ ದೊರೆಯುತ್ತದೆ. ಹೊಸತಾಗಿ ಈದು ಬಹಳ ಹಾಲು ಕೊಟ್ಟು ಸೊರಗುವ ಮಿಶ್ರತಳಿಯ ಆಕಳಿಗೆ ಅದು ಸಾರ್ಥಕವು. ಹೊತ್ತಿಗೆ ಎರಡು ಲೀಟರ್ ಕರೆಯುವ ಎಮ್ಮೆಗೆ ಅದನ್ನು ಕೊಳ್ಳುವದು ವ್ಯರ್ಥ ವೆಚ್ಚವು. ಆ ಹಣದಿಂದ ಒಳ್ಳೆಯ ಕಣಿಕೆ, ಕಡಲೆ ಹೊಟ್ಟು, ಒಂದಿಷ್ಟು ಹಸಿ ಮೇವನ್ನು ಕೂಡಿಸಿದರೆ ಹೆಚ್ಚು ಫಲ.

ದಾಣಿಯನ್ನು ಬದಲಿಸಿದ ವಾರದಲ್ಲಿ ಸಂಘದ ಚೀಟಿಯ ಮೇಲಿನ ಜಿಡ್ಡಿನ ಅಂಕೆಯನ್ನೂ ಸಗಣಿಯನ್ನೂ ನೋಡುತ್ತಿರತಕ್ಕದ್ದು. ಅಂಕೆಯು ಇಳಿದು, ಸಗಣಿಯಲ್ಲಿ ಅರಗದ ಉದ್ದನೆಯ ನಾರು ಕಂಡರೆ, ಎಣ್ಣೆಯನ್ನು ನಿಲ್ಲಿಸಿ ಕಣಿಕೆಯನ್ನು ಹೆಚ್ಚಿಸಬೇಕು. ಸಾಮಾನ್ಯವಾಗಿ ಎರಡು ವಾರಗಳೊಳಗೆ ಜಿಡ್ಡು ಮೊದಲಿನ ಮಟ್ಟಕ್ಕೆ ಬರುತ್ತದೆ.