ಆರು ವರ್ಷಕ್ಕೆ ಕಾಯಬಾರದ ಪಾಠ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಉಪಾಧ್ಯಾಯರಾದ ನಾವು ಶಿಸ್ತಿನ ಮಾತು ಬಂದಾಗಲೆಲ್ಲ ಬಳಸುತ್ತೇವೆ. ಆದರೆ ಈ ಗಾದೆ ಅಕ್ಷರಶಃ ಅನ್ವಯಿಸುವ ಮಕ್ಕಳು ಬೇರೆಯೇ ಇದ್ದಾರೆ. ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ಪಾರ್ಶ್ವವಾಯುವಿಗೆ ಗುರಿಯಾದ ಮಕ್ಕಳು ಮತ್ತು ಬೇರೆ ಕಾರಣಗಳಿಂದ ಬೆಳವಣಿಗೆ ನಿಧಾನವಾದ ಮಕ್ಕಳು ಇವರು. ಇವರಿಗೆ ಸಲ್ಲಬೇಕಾದ ಫಿಸಿಯೋಥೆರಪಿ ಎಲ್ಲಿ ಮತ್ತು ಯಾವಾಗ ದೊರೆಯಬೇಕು ಎಂಬ ಬಗ್ಗೆ ನನಗೆ ತೋಚಿದ ನಾಲ್ಕು ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಲಿ. ಇದು ಅಂಟುರೋಗವಲ್ಲ, ಪೂರ್ವಜನ್ಮದ ಕರ್ಮವಲ್ಲ, ಗ್ರಹಣದ ಫಲವೂ ಅಲ್ಲ. ಗರ್ಭದಲ್ಲಿರುವಾಗಲೋ ಹೆರಿಗೆಯ ಹೊತ್ತಿನಲ್ಲೋ ಶೈಶವದಲ್ಲೋ ಬೆಳೆಯುತ್ತಿರುವ ಮೆದುಳಿಗೆ ಬಿದ್ದ ಪೆಟ್ಟು ಇದು. ಅವಧಿಗೆ ಮುನ್ನ ಆದ ಜನನ, ಆಮ್ಲಜನಕದ ಕೊರತೆ, ಸೋಂಕು, ನವಜಾತ ಶಿಶುವಿನ ತೀವ್ರ ಕಾಮಾಲೆ ಮೊದಲಾದವು ಕಾರಣವಾಗಬಹುದು. ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಜಾನ್ ಲಿಟಲ್ ಈ ಸ್ಥಿತಿಯನ್ನು ಕಷ್ಟದ ಹೆರಿಗೆಯೊಡನೆ ಸಂಬಂಧಿಸಿ 1861ರಷ್ಟು ಹಿಂದೆಯೇ ವಿವರಿಸಿದ್ದರು. ಮೆದುಳಿನ ಆ ಪೆಟ್ಟು ಹೆಚ್ಚುತ್ತ ಹೋಗುವುದಿಲ್ಲ; ಆದರೆ ದೇಹ ಬೆಳೆಯುತ್ತ ಹೋಗುತ್ತದೆ. ಎಲುಬು ಉದ್ದವಾದಂತೆ ಬಿಗಿದ ಸ್ನಾಯು ಅದಕ್ಕೆ ಸಮನಾಗಿ ಹಿಗ್ಗುವುದಿಲ್ಲ. ಹಿಮ್ಮಡಿ ನೆಲ ಮುಟ್ಟದಾಗುತ್ತದೆ, ಮಂಡಿ ಮಡಿಚಿಕೊಂಡೇ ಉಳಿಯುತ್ತದೆ, ಸೊಂಟದ ಕೀಲು ಜಾರುವುದೂ ಉಂಟು. ಫಿಸಿಯೋಥೆರಪಿಯು ಮೆದುಳಿನ ಪೆಟ್ಟನ್ನು ಅಳಿಸಲಾರದು. ಇರುವ ಶಕ್ತಿಯನ್ನು ಬಳಕೆಗೆ ತರುವುದು, ಕೂರಲು, ಹಿಡಿಯಲು, ಸಾಧ್ಯವಾದರೆ ನಡೆಯಲು ಕಲಿಸುವುದು ಅದರ ಕೆಲಸ.

ಇಲ್ಲಿ ಕಾಲದ ಪ್ರಶ್ನೆ ಬರುತ್ತದೆ. ಕೆನಡಾದ ತಜ್ಞರು ಈ ಮಕ್ಕಳ ಚಲನಶಕ್ತಿಯನ್ನು 1997ರಲ್ಲಿ ಐದು ಹಂತಗಳಾಗಿ ವಿಂಗಡಿಸಿದರು. ಬಳಿಕ 2002ರಲ್ಲಿ ಅವರು ಪ್ರಕಟಿಸಿದ ಅಧ್ಯಯನ ಕಣ್ಣು ತೆರೆಸುವಂಥದು. ಇಂಥ ಮಗು ತಾನು ಮುಟ್ಟಬಹುದಾದ ಚಲನಶಕ್ತಿಯ ಶೇ. 90ರಷ್ಟನ್ನು, ತೊಂದರೆ ಸೌಮ್ಯವಾಗಿದ್ದರೆ ಸುಮಾರು ಐದು ವರ್ಷದ ಹೊತ್ತಿಗೆ, ತೀವ್ರವಾಗಿದ್ದರೆ ಮೂರು ವರ್ಷ ತುಂಬುವ ಮೊದಲೇ ಮುಟ್ಟಿಬಿಡುತ್ತದೆ. ಅನಂತರದ ಚಿಕಿತ್ಸೆ ವ್ಯರ್ಥವೆಂದು ಇದರ ಅರ್ಥವಲ್ಲ. ಗಳಿಸಿದ್ದನ್ನು ಉಳಿಸಿಕೊಳ್ಳಲು ಅದು ಬೇಕೇ ಬೇಕು. ಆದರೆ ಗಳಿಕೆಯ ಕಾಲ ಮೊದಲ ಐದು ವರ್ಷಗಳೇ.

ಈಗ ನಮ್ಮ ಕಾನೂನನ್ನು ನೋಡೋಣ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ 2016ರ ಅಧಿನಿಯಮವು 6ರಿಂದ 18 ವರ್ಷದ ಮಕ್ಕಳಿಗೆ ನೆರೆಹೊರೆಯ ಶಾಲೆಯಲ್ಲಿ ಅಥವಾ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕನ್ನು ನೀಡಿದೆ. ಬಹಳ ಒಳ್ಳೆಯದು. ಆದರೆ ಮಗು ಶಾಲೆಯ ಹೊಸ್ತಿಲಿಗೆ ಬರುವ ಹೊತ್ತಿಗೆ ಆ ಐದು ವರ್ಷಗಳು ಕಳೆದುಹೋಗಿರುತ್ತವೆ! ಆದ್ದರಿಂದ ಈ ಮಕ್ಕಳ ಮೊದಲ ಚಿಕಿತ್ಸಾಲಯವೂ ಮೊದಲ ಶಾಲೆಯೂ ಅಂಗನವಾಡಿಯೇ ಆಗಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ನಮ್ಮ ಚಂದಾಪುರದ ಮಾತನ್ನೇ ತೆಗೆದುಕೊಳ್ಳಿ. ಒಂದು ಬದಿಗೆ ಬೊಮ್ಮಸಂದ್ರದ ಕಾರ್ಖಾನೆಗಳು, ಅದರಾಚೆ ಎಲೆಕ್ಟ್ರಾನಿಕ್ ಸಿಟಿ; ಇನ್ನೊಂದು ಬದಿಗೆ ಅತ್ತಿಬೆಲೆ. ಉತ್ತರ ಕರ್ನಾಟಕದಿಂದಲೂ ಹೊರರಾಜ್ಯಗಳಿಂದಲೂ ದುಡಿಯಲು ಬಂದವರು ವಠಾರದ ಮನೆಗಳಲ್ಲಿದ್ದಾರೆ. ಅಜ್ಜಿ, ತಾತ ಊರಿನಲ್ಲಿಯೇ ಉಳಿದಿರುತ್ತಾರೆ. ಇಂಥ ಮನೆಯ ಮಗುವನ್ನು ತಜ್ಞರಿಗೆ ತೋರಿಸಲು ನಿಮ್ಹಾನ್ಸ್‌ಗೆ ಕರೆದೊಯ್ಯುವುದು ರೂಢಿ. ಅದು ಇರುವುದೂ ಇದೇ ಹೊಸೂರು ರಸ್ತೆಯಲ್ಲಿ, ಸುಮಾರು 20 ಕಿ.ಮೀ. ದೂರದಲ್ಲಿ. ಆ ರಸ್ತೆಗೆ 2010ರಲ್ಲಿ ಮೇಲ್ಸೇತುವೆ ಬಂತು. ಮಹಿಳೆಯರಿಗೆ 2023ರಲ್ಲಿ ಶಕ್ತಿ ಯೋಜನೆ ಬಂತು. 2025ರ ಆಗಸ್ಟ್‌ನಲ್ಲಿ ಮೆಟ್ರೋ ಬೊಮ್ಮಸಂದ್ರದವರೆಗೂ ಬಂತು. ಎಲ್ಲವೂ ಸಂತೋಷದ ಸಂಗತಿಗಳೇ. ಆದರೆ ಕೈಕಾಲು ಬಿಗಿದ ನಾಲ್ಕು ವರ್ಷದ ಮಗುವನ್ನು ಕಂಕುಳಲ್ಲಿ ಹೊತ್ತ ತಾಯಿಗೆ, ಅರ್ಧ ಗಂಟೆಯ ಚಿಕಿತ್ಸೆಗಾಗಿ ಒಂದು ದಿನದ ಸಂಬಳ ಕೈತಪ್ಪುವುದು ಮಾತ್ರ ತಪ್ಪಿಲ್ಲ. ವಾರಕ್ಕೆ ಮೂರು ದಿನ ಕರೆತನ್ನಿ ಎಂದರೆ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಣ್ಣುಮಗಳು ಕೆಲಸವನ್ನೇ ಬಿಡಬೇಕು. ಹತ್ತಿರದ ಖಾಸಗಿ ಕೇಂದ್ರಕ್ಕೆ ಹೋಗೋಣವೆಂದರೆ ಪ್ರತಿಸಲವೂ ಶುಲ್ಕ. ಕೆಲವು ತಿಂಗಳಲ್ಲಿ ಆಸ್ಪತ್ರೆಯ ಚೀಟಿ ಟ್ರಂಕಿನ ತಳ ಸೇರುತ್ತದೆ. ನಾವಾದರೋ ತಾಯಿಯ ನಿರ್ಲಕ್ಷ್ಯವೆಂದು ತೀರ್ಪು ಕೊಟ್ಟುಬಿಡುತ್ತೇವೆ.

ನಾನು ಸೇವೆಯಲ್ಲಿದ್ದಾಗ ಇಂಥ ಬಾಲಕನೊಬ್ಬ ನಮ್ಮ ಶಾಲೆಗೆ ಬರುತ್ತಿದ್ದ. ಬೆಂಚಿನ ಮೇಲೆ ಕುಳಿತರೆ ಕಾಲು ನೆಲಕ್ಕೆ ಎಟುಕದೆ ದೇಹ ಒಂದು ಕಡೆಗೆ ವಾಲುತ್ತಿತ್ತು. ವಾಲುವುದನ್ನು ತಡೆಯಲು ಎರಡೂ ಕೈ ಬೇಕಾಗಿ, ಬಳಪ ಹಿಡಿಯಲು ಕೈ ಉಳಿಯುತ್ತಿರಲಿಲ್ಲ. ಶಿಬಿರಕ್ಕೆ ಬಂದಿದ್ದ ಫಿಸಿಯೋಥೆರಪಿಸ್ಟ್ ಒಬ್ಬರು ಅವನ ಅಳತೆ ತೆಗೆದು ಚಿತ್ರ ಬರೆದುಕೊಟ್ಟರು. ಊರಿನ ಬಡಗಿ ಹಳೆಯ ಹಲಗೆಗಳಿಂದ ಕುರ್ಚಿ ಮಾಡಿದ. ಪಾದದಡಿಗೆ ಮಣೆ, ಸೊಂಟಕ್ಕೆ ಪಟ್ಟಿ, ಎದುರಿಗೆ ಎದೆಯ ಆಕಾರಕ್ಕೆ ಕೊರೆದ ಮೇಜು. ಪಾದಕ್ಕೆ ನೆಲೆ ಸಿಕ್ಕಿತು, ಕೈ ಬಿಡುವಾಯಿತು, ಹುಡುಗ ತನ್ನ ಹೆಸರು ಬರೆದ. ಆಕೆ ಅಲ್ಲಿದ್ದದ್ದು ಒಂದು ಗಂಟೆ. ಕುರ್ಚಿ ವರ್ಷಗಟ್ಟಲೆ ದುಡಿಯಿತು.

ವೈದ್ಯವಿಜ್ಞಾನವೂ ಇದನ್ನೇ ಹೇಳುತ್ತಿದೆ. ಆಸ್ಟ್ರೇಲಿಯಾದ ಅಯೋನಾ ನೊವಾಕ್ ಮತ್ತು ಸಂಗಡಿಗರು 2013ರಲ್ಲಿಯೂ 2020ರಲ್ಲಿಯೂ ನೂರಾರು ಅಧ್ಯಯನಗಳನ್ನು ಪರಿಶೀಲಿಸಿದರು. ಮಗು ಸುಮ್ಮನೆ ಮಲಗಿರುವಾಗ ಬೇರೆಯವರು ಅದರ ಕಾಲು ಎಳೆದು ನೀವುವುದಷ್ಟರಿಂದಲೇ ಹೆಚ್ಚು ಪ್ರಯೋಜನವಿಲ್ಲ. ಮಗು ತಾನೇ ಒಂದು ಗುರಿಯಿಟ್ಟುಕೊಂಡು ನಿಜವಾದ ಕೆಲಸವನ್ನು ಮತ್ತೆ ಮತ್ತೆ ಮಾಡುವುದರಿಂದ ಪ್ರಯೋಜನವುಂಟು ಎಂಬುದು ಅವರ ನಿರ್ಣಯ. ಲೋಟ ಹಿಡಿಯುವುದು, ಗೋಡೆ ಹಿಡಿದು ನಿಲ್ಲುವುದು, ಗೆಳೆಯರ ನಡುವೆ ಚೆಂಡು ಉರುಳಿಸುವುದು! ಇವಕ್ಕೆ ಅಂಗನವಾಡಿಗಿಂತ ತಕ್ಕ ಸ್ಥಳ ಯಾವುದಿದೆ?

ಅಡಿಪಾಯ ಈಗಾಗಲೇ ಇದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾಯಿತು. ಅದರ ತಂಡಗಳು ಅಂಗನವಾಡಿ ಮಕ್ಕಳನ್ನು ವರ್ಷಕ್ಕೆರಡು ಬಾರಿ ಪರೀಕ್ಷಿಸಬೇಕೆಂಬ ನಿಯಮವಿದೆ. ಕೇಂದ್ರ ಸರ್ಕಾರ 2023ರಲ್ಲಿ ವಿಕಲಚೇತನ ಮಕ್ಕಳಿಗಾಗಿಯೇ ಅಂಗನವಾಡಿ ಕಾರ್ಯಸೂಚಿಯೊಂದನ್ನು ಹೊರತಂದಿದೆ. ಉಳಿದಿರುವುದು ಕೊನೆಯ ಮೆಟ್ಟಿಲು. ಮೇಲ್ವಿಚಾರಕಿಯೊಬ್ಬರ ವ್ಯಾಪ್ತಿಯ ಅಂಗನವಾಡಿಗಳಿಗೆ ಒಬ್ಬ ಫಿಸಿಯೋಥೆರಪಿಸ್ಟ್ ಸರದಿಯಂತೆ ಬರಲಿ, ಪ್ರತಿ ಮಗುವಿಗೂ ಆ ತಿಂಗಳ ಒಂದೆರಡು ಗುರಿಗಳನ್ನು ಹಾಕಿಕೊಡಲಿ.

ಕಾರ್ಯಕರ್ತೆಯರಿಗೆ ಈಗಲೇ ಹೊರೆ ಹೆಚ್ಚು, ತರಬೇತಿಯಿಲ್ಲದ ಕೈ ಅಪಾಯ ತರಬಹುದು ಎಂಬ ಆಕ್ಷೇಪ ನ್ಯಾಯವಾದುದೇ. ಅದಕ್ಕಾಗಿಯೇ ತಜ್ಞರೇ ಬರಬೇಕೆನ್ನುತ್ತೇನೆ. ತಾಯಿಯೊಬ್ಬಳೇ ಸಂಬಳವಿಲ್ಲದ ಚಿಕಿತ್ಸಕಿಯಾಗುವುದೂ ಸಲ್ಲದು. ತಂದೆಯೂ ಕೂರಿಸಲಿ, ನಿಲ್ಲಿಸಲಿ. ಹಣವೆಲ್ಲಿಂದ ಎಂದು ಕೇಳುವವರಿಗೆ ಒಂದು ಮಾತು: 2013ರ ಕಂಪನಿ ಅಧಿನಿಯಮದ ಪ್ರಕಾರ ನಿಗದಿತ ಮಿತಿ ಮೀರಿದ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಮಾಜಕ್ಕಾಗಿ ವೆಚ್ಚ ಮಾಡಬೇಕು. ಅಂಥ ಕಂಪನಿಗಳು ನಮ್ಮ ಸುತ್ತಲೇ ಇವೆ. ಶಾಲಾಗೋಡೆಗೆ ಬಣ್ಣ ಬಳಿಸುವ ಹಣದಲ್ಲಿ ಒಂದಂಶ ಈ ಸಂಬಳಕ್ಕೆ ಬರಲಿ.

ಓದುಗ ಮಿತ್ರರೇ, ನಾಲ್ಕು ತಿಂಗಳಾದರೂ ಕತ್ತು ನಿಲ್ಲದ, ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದ, ವರ್ಷ ತುಂಬುವ ಮೊದಲೇ ಒಂದೇ ಕೈಯನ್ನು ಬಳಸುವ ಮಗು ಕಂಡರೆ, ತಾನಾಗಿ ಸರಿಹೋಗುತ್ತದೆ ಎಂದು ಸಮಾಧಾನ ಹೇಳಬೇಡಿ. ವೈದ್ಯರಿಗೆ ತೋರಿಸಲು ಹೇಳಿ. ಹಾಗೆಯೇ ನಿಮ್ಮ ಬೀದಿಯ ಅಂಗನವಾಡಿಗೆ ಒಮ್ಮೆ ಹೋಗಿ, ಇಂಥ ಮಗುವಿನ ಹೆಸರು ಅಲ್ಲಿನ ಹಾಜರಿ ಪುಸ್ತಕದಲ್ಲಿದೆಯೇ ಎಂದು ವಿಚಾರಿಸಿ.