ಆಸಿಡ್ಡು ಗಂಗಾಜಲವಾಗದು

1979–80ರಲ್ಲಿ ಬಿಹಾರದ ಭಾಗಲ್ಪುರದ ಪೊಲೀಸರು 30ಕ್ಕೂ ಹೆಚ್ಚು ಮಂದಿಯನ್ನು ಹಿಡಿದು, ಕಣ್ಣಿಗೆ ಚುಚ್ಚಿ ಆಸಿಡ್ ಸುರಿದರು. ಆ ಆಸಿಡ್ಡಿಗೆ ಇಟ್ಟ ಹೆಸರು ‘ಗಂಗಾಜಲ’. ಕಣ್ಣು ಕಳೆದುಕೊಂಡವರಲ್ಲಿ ಹೆಚ್ಚಿನವರು ವಿಚಾರಣಾಧೀನ ಕೈದಿಗಳು. 1980ರ ನವೆಂಬರಿನಲ್ಲಿ ‘ಇಂಡಿಯನ್ ಎಕ್ಸ್‌ಪ್ರೆಸ್’ ಇದನ್ನು ಬಯಲಿಗೆಳೆದಾಗ ದೇಶವೇ ಬೆಚ್ಚಿತು. ಭಾಗಲ್ಪುರದಲ್ಲಿ ಮಾತ್ರ ಜನ ಪೊಲೀಸರ ಪರವಾಗಿ ಬೀದಿಗಿಳಿದರು.

ಆ ಜನರೇನೂ ರಾಕ್ಷಸರಲ್ಲ. ದರೋಡೆ, ಕೊಲೆಗಳಿಂದ ರೋಸಿಹೋಗಿದ್ದರು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಸಿಟ್ಟು ನ್ಯಾಯವಾದ ಮಾತ್ರಕ್ಕೆ ಆ ಸಿಟ್ಟಿನಲ್ಲಿ ಕೊಟ್ಟ ಶಿಕ್ಷೆಯೂ ನ್ಯಾಯವಾಗಿಬಿಡುವುದಿಲ್ಲ. ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಾಗ ಗೊತ್ತಾದದ್ದೇನು? ಈ ಬಡವರಲ್ಲಿ ಹೆಚ್ಚಿನವರ ಪರ ಮಾತಾಡಲು ಒಬ್ಬ ವಕೀಲನೂ ಇರಲಿಲ್ಲ. ಆರೋಪಿ ಕೇಳದಿದ್ದರೂ ಸರ್ಕಾರವೇ ವಕೀಲರನ್ನು ಒದಗಿಸಬೇಕೆಂದು 1981ರಲ್ಲಿ ಕೋರ್ಟು ಹೇಳಬೇಕಾಯಿತು.

ನಾವು ಅಲ್ಲಿಂದ ಬಹಳ ಮುಂದೆ ಬಂದಿಲ್ಲ. 2019ರ ಡಿಸೆಂಬರ್ 6ರಂದು ಹೈದರಾಬಾದ್ ಬಳಿ, ಪಶುವೈದ್ಯೆಯ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಕ್ಕಿ ಕೊಂದಾಗ ಜನ ಪೊಲೀಸರ ಮೇಲೆ ಹೂವಿನ ಮಳೆಗರೆದರು. ಸುಪ್ರೀಂ ಕೋರ್ಟು ನೇಮಿಸಿದ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಹೊರಬಂತು: ಪೊಲೀಸರ ಕಥೆ ಕಟ್ಟುಕಥೆ, ಸತ್ತವರಲ್ಲಿ ಮೂವರು ಅಪ್ರಾಪ್ತರು. 2025ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಪುಟ್ಟ ಮಗುವನ್ನು ಕೊಂದ ಆರೋಪ ಹೊತ್ತವನು ಪೊಲೀಸರ ಗುಂಡಿಗೆ ಬಲಿಯಾದಾಗ ನಮ್ಮಲ್ಲೂ ಸಂಭ್ರಮಿಸಿದವರಿದ್ದರು.

ಅಪರಾಧ ಸಾಬೀತಾದವನಿಗಾದರೂ ಕ್ರೂರ ಶಿಕ್ಷೆ ಕೊಡಬಾರದೇ ಎಂದು ಕೇಳುವವರಿದ್ದಾರೆ. ಕೊಡಬಾರದು. ಅಪಾಯಕಾರಿಯನ್ನು ಜೈಲಿನಲ್ಲಿಟ್ಟರೆ ಊರಿಗೆ ರಕ್ಷಣೆ ಸಿಗುತ್ತದೆ; ಅವನ ಕಣ್ಣು ತೆಗೆದರೆ ಯಾರಿಗೆ ಏನು ಸಿಕ್ಕಿತು? ಆಸಿಡ್ ಸುರಿಯುವುದು ಅಪರಾಧವೆಂದ ಮೇಲೆ ಖಾಕಿ ತೊಟ್ಟು ಸುರಿದರೂ ಅಪರಾಧವೇ. ಸರ್ಕಾರ ಶಿಕ್ಷಿಸುವುದು ನಮ್ಮೆಲ್ಲರ ಹೆಸರಿನಲ್ಲಿ. ಅದರ ಕ್ರೌರ್ಯದಲ್ಲಿ ನಮಗೂ ಪಾಲಿದೆ.

ನೊಂದವರಿಗೆ ಬೇಕಾದದ್ದು ಸತ್ಯ. ಅದೂ ಅವರು ಬದುಕಿರುವಾಗಲೇ. ಆರೋಪಿ ಹೆಣವಾದ ದಿನ ವಿಚಾರಣೆಯೂ ಸಾಯುತ್ತದೆ, ಅವನ ಜೊತೆಗೆ ಯಾರಿದ್ದರು, ಯಾರು ಕಣ್ಣುಮುಚ್ಚಿ ಕುಳಿತಿದ್ದರು ಎಂಬುದೂ ಮಣ್ಣುಪಾಲಾಗುತ್ತದೆ. ದೂರು ದಾಖಲಿಸಲು ಸತಾಯಿಸಿದ ಠಾಣೆಯನ್ನು, ನ್ಯಾಯಾಧೀಶರ ಹುದ್ದೆಗಳನ್ನು ಖಾಲಿ ಬಿಟ್ಟವರನ್ನು, ತನಿಖೆಯನ್ನು ಹಳ್ಳ ಹಿಡಿಸಿದ ಅಧಿಕಾರಿಯನ್ನು ನಾವು ಹಿಡಿದು ಕೇಳಬೇಕಿತ್ತು. ಎನ್‌ಕೌಂಟರಿಗೆ ಚಪ್ಪಾಳೆ ತಟ್ಟಿದಾಗಲೆಲ್ಲ ಇವರೆಲ್ಲರಿಗೂ ಉತ್ತರ ಕೊಡುವ ಹೊಣೆ ತಪ್ಪಿಸಿಕೊಟ್ಟವರು ನಾವೇ.